ಕುರ್ಚಿಯ ಹಿಂದೆ

ಆ ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆಂದು ಕೇಳಿದರೆ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಅಣ್ಣನಿಗೆ ಸೈಕಲ್ ಅಂಗಡಿ, ಅತ್ತಿಗೆಗೆ ಶಾಲೆಯ ನೌಕರಿ, ಅವರ ಮಗಳು ಈಗಷ್ಟೇ ಹತ್ತನೆಯ ತರಗತಿ ಪಾಸು. ತಂಗಿ? "ಅವಳೇನು, ಮನೇಲಿ ಸುಮ್ನೆ ಇರ್ತಾಳೆ."

ಸುಮ್ಮನಿರುವುದೆಂದರೆ ಏನೆಂದು ಹೇಳಿಬಿಡಬೇಕು. ಅಪ್ಪನಿಗೆ ಲಕ್ವ ಹೊಡೆದಂದಿನಿಂದ ಅವರನ್ನು ಮಗ್ಗುಲು ಹೊರಳಿಸುವುದು, ಬೆಡ್‌ಪ್ಯಾನ್ ಇಡುವುದು, ಗಂಟಲಿಗೆ ಸಿಕ್ಕದಂತೆ ಚಮಚದಲ್ಲಿ ಗಂಜಿ ಕುಡಿಸುವುದು, ಒದ್ದೆಯಾದ ಹಾಸಿಗೆ ತೆಗೆದು ಒಗೆಯುವುದು. ಮದುವೆಯಾಗದ ಹೆಣ್ಣುಮಗಳಿದ್ದರೆ ಕಾಯಿಲೆಯವರ ಸೇವೆ ಅವಳದೇ ಎಂಬುದು ಹಿರಿಯರ ಕಟ್ಟಳೆ. ಅವಳಿಗೆ ಮದುವೆ ಯಾಕಾಗಲಿಲ್ಲವೆಂದರೆ, ಸೇವೆಗೆ ಬೇರೆ ಯಾರೂ ಇರಲಿಲ್ಲ.

ಈಚೆಗೆ ತಂಗಿಯ ಸೊಂಟ ಹಿಡಿದುಕೊಳ್ಳತೊಡಗಿತು. ಇನ್ನು ಒಬ್ಬಳೇ ಭಾರ ಎತ್ತಿದರೆ ಮುಂದೆ ನಡೆಯುವುದೂ ಕಷ್ಟ ಎಂದರು ಡಾಕ್ಟರು. ಅಣ್ಣ ಯೋಚಿಸಿ ಯೋಚಿಸಿ ದಾರಿ ಕಂಡುಹಿಡಿದ: ಮಗಳು ಒಂದು ವರ್ಷ ಕಾಲೇಜಿಗೆ ಸೇರದೆ ಅತ್ತೆಗೆ ಕೈಜೋಡಿಸಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಒಂದೇ ವರ್ಷ ಎಂದು ತಂಗಿಗೂ ಹಿಂದೆ ಹೇಳಿದ್ದರು. ಆ ವರ್ಷ ಇನ್ನೂ ಮುಗಿದಿರಲಿಲ್ಲ, ಅವಳ ತಲೆ ಮಾತ್ರ ನರೆತಿತ್ತು.

ಅಷ್ಟರಲ್ಲಿ ಡ್ರಾಯಿಂಗ್ ಟೀಚರೊಬ್ಬರು ಬೀದಿಯ ಮನೆಮನೆಗೆ ಬಂದರು. ಮನೆಗಳಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರ ಚಿತ್ರವನ್ನು ಗ್ರಂಥಾಲಯದ ಗೋಡೆಯ ಮೇಲೆ ಬರೆಯುವುದು, ಗೆರೆ ತಮ್ಮದು, ಬಣ್ಣ ತುಂಬುವುದು ಬೀದಿಯವರೆಲ್ಲ ಸೇರಿ ಎಂದರು. ಅಣ್ಣ ಉಬ್ಬಿಹೋದ. ಅಪ್ಪನನ್ನು ಮನೆಯಲ್ಲೇ ಇಟ್ಟುಕೊಂಡ ಮಗ ತಾನಲ್ಲವೇ?

ಭಾನುವಾರ ಟೀಚರ್ ಚಿತ್ರ ಬರೆದುಕೊಳ್ಳಲು ಬಂದಾಗ ಅವನು ಇಸ್ತ್ರಿ ಅಂಗಿ ತೊಟ್ಟು ಅಪ್ಪನ ಕುರ್ಚಿಯ ಪಕ್ಕ ನಿಂತ. ಆಚೆ ಅತ್ತಿಗೆ, ಮುಂದೆ ನೆಲದ ಮೇಲೆ ಕೂತ ಮಗಳು. ಅಪ್ಪ ತಾವಾಗಿ ನೆಟ್ಟಗೆ ಕೂರಲಾರರು. ಫೋಟೋ ತೆಗೆಯುವಾಗಲೆಲ್ಲ ಮಾಡುತ್ತಿದ್ದಂತೆ ತಂಗಿ ಕುರ್ಚಿಯ ಹಿಂದೆ ಮಂಡಿಯೂರಿ, ಎರಡೂ ಕೈಗಳಿಂದ ಅವರ ಬೆನ್ನನ್ನು ಒತ್ತಿ ಹಿಡಿದಳು. ಮುಂದಿನಿಂದ ನೋಡಿದವರಿಗೆ ಅವಳ ಸುಳಿವೇ ಇರಲಿಲ್ಲ.

ಟೀಚರ್ ಪೆನ್ಸಿಲ್ ಕೆಳಗಿಟ್ಟು, ಕುರ್ಚಿಯ ಹಿಂದೆ ಹೋದವರು ಮುಂದೆ ಬರಲಿ, ನನಗೆ ಬೇಕಾದದ್ದು ಅವರೇ ಎಂದರು. ಅಣ್ಣ ನಕ್ಕ. ಹೇಲು ಉಚ್ಚೆ ಬಳಿಯುವುದನ್ನು ಗೋಡೆಯ ಮೇಲೆ ಬರೆದರೆ ಮನೆಯ ಮರ್ಯಾದೆ ಏನಾಗಬೇಕು? ಸೇವೆಯನ್ನು ಸಾರಿಕೊಂಡರೆ ಪುಣ್ಯ ಕರಗುತ್ತದೆ ಎಂದೂ ಸೇರಿಸಿದ.

"ಅಷ್ಟು ದೊಡ್ಡ ಪುಣ್ಯಾನ ಅವರೊಬ್ರಿಗೇ ಯಾಕೆ ಬಿಟ್ಕೊಟ್ರಿ?" ಎಂದರು ಟೀಚರ್.

ಅಷ್ಟರಲ್ಲಿ ತಂಗಿಯ ಸೊಂಟ ಹಿಡಿದುಕೊಂಡಿತು, ಕುರ್ಚಿಯ ಹಿಂದೆ ಅವಳು ನರಳಿದಳು. ಅಣ್ಣ ಮಗಳ ಕಡೆ ತಿರುಗಿದ. "ಹೋಗಮ್ಮ, ಅತ್ತೆ ಜಾಗದಲ್ಲಿ ಕೂತ್ಕೋ. ಸ್ವಲ್ಪ ಹೊತ್ತಷ್ಟೆ."

ಹುಡುಗಿ ಎದ್ದೇಬಿಟ್ಟಳು. ಎದುರುಮಾತಿಲ್ಲದೆ ಅವಳು ಎದ್ದ ರೀತಿಯನ್ನು ತಂಗಿ ಕುರ್ಚಿಯ ಹಿಂದಿನಿಂದ ಇಣುಕಿ ನೋಡಿದಳು. ತಾನೂ ಹೀಗೇ ಎದ್ದಿದ್ದಳು. ಅವಳಿಗೆ ನೋವಿಗಿಂತ ಹೆಚ್ಚಾಗಿ ಸಿಟ್ಟು ಬಂತು.

"ಅವಳು ಬರಲ್ಲ. ಕಾಲೇಜಿಗೆ ಹೋಗ್ತಾಳೆ," ಎಂದಳು. "ನೀನು ಬಾ, ಅಣ್ಣ. ಅಪ್ಪ ನಿನಗೂ ಅಪ್ಪನೇ."

"ನಾನಾ? ಅಂಗಡಿ ಯಾರು ನೋಡ್ಕೊಳ್ತಾರೆ?"

"ಅಂಗಡಿಗೆ ಹೋಗೋ ಮುಂಚೆ ನೀನು, ಮಧ್ಯಾಹ್ನ ನಾನು, ಸಂಜೆ ಅತ್ತಿಗೆ. ಆಗದಿದ್ರೆ ಸಂಬಳ ಕೊಟ್ಟು ಯಾರನ್ನಾದ್ರೂ ಇಡು. ಒಬ್ಬಳೇ ನಾನು ಇನ್ನು ಎತ್ತಲ್ಲ."

ಹಾಗೆಂದು ಒಂದು ಕೈ ತೆಗೆದಳು. ಅಪ್ಪ ವಾಲಿದರು. ಅಣ್ಣ ಗಡಬಡಿಸಿ ಕುರ್ಚಿಯ ಹಿಂದೆ ಬಂದು ಮಂಡಿಯೂರಿ ಅವರ ಬೆನ್ನು ಹಿಡಿದ. ತಂಗಿ ಕುರ್ಚಿಯನ್ನು ಹಿಡಿದುಕೊಂಡೇ ಎದ್ದು, ಮುಂದೆ ಬಂದು, ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಅಪ್ಪ ಸ್ವಾಧೀನವಿದ್ದ ತಮ್ಮ ಒಂದು ಕೈಯನ್ನು ಅವಳ ಮಡಿಲಿಗೆ ಚಾಚಿದರು. ಟೀಚರ್ ಅವಳ ಮುಖ ಬರೆಯಲು ಶುರುಮಾಡಿದರು.

ಸ್ವಲ್ಪ ಹೊತ್ತಿಗೇ ಅಣ್ಣನ ಇಸ್ತ್ರಿ ಅಂಗಿ ಬೆವರಿಗೆ ಬೆನ್ನಿಗಂಟಿತು. ಇನ್ನೂ ಎಷ್ಟು ಹೊತ್ತು ಎಂದು ಹಿಂದಿನಿಂದ ಕೇಳಿದ.

"ಕೈ ಸೋತ್ರೆ ಅತ್ತಿಗೇನ ಕರಿ," ಎಂದಳು ತಂಗಿ, ತಿರುಗಿ ನೋಡದೆ.