ಯಲ್ಲಪ್ಪನವರಿಗೆ ಒನ್ಸ್ ಮೋರ್

“ಬಾಕಿ ಹಾಡೆಲ್ಲ ತೆಗೆದುಬಿಡಿ ಮೇಷ್ಟ್ರೇ, ಕೊನೇದೊಂದು ಉಳಿಸಿ. ಅಷ್ಟು ಸಾಕಂತೆ ಇವರಿಗೆ,” ಎಂದಳು ಹನುಮಕ್ಕ.

ಸೇತುರಾಮ ಮೇಷ್ಟ್ರು ಹಾರ್ಮೋನಿಯಂ ಮೇಲಿಟ್ಟ ಕೈ ತೆಗೆಯಲಿಲ್ಲ. ಬಸವೇಶ್ವರನಗರದಲ್ಲಿ ಒಂದು ಕ್ಲಿನಿಕ್ಕಿನ ಮೇಲಿನ ಕೋಣೆ ನಮ್ಮ ನಾಟಕ ಸಂಘದ ತಾಲೀಮಿನ ಜಾಗ. ಹನುಮಕ್ಕ ಅಲ್ಲಿಗೆ ಬಂದದ್ದು ಅದೇ ಮೊದಲು. ಅವಳ ಗಂಡ ಯಲ್ಲಪ್ಪ, ನಮ್ಮ ನಾಟಕದ ರಾಜ, ಮಾತಾಡುವ ಕೆಲಸವನ್ನು ಹೆಂಡತಿಗೆ ಬಿಟ್ಟು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

“ಆಪರೇಷನ್ ಯಾವತ್ತಮ್ಮ?” ಎಂದರು ಮೇಷ್ಟ್ರು.

“ಭಾನುವಾರ ನಾಟಕ, ಗುರುವಾರ ಆಪರೇಷನ್ನು. ಗಂಟಲಿನ ಗಡ್ಡೆ ಜೊತೆಗೆ ಧ್ವನಿಪೆಟ್ಟಿಗೇನೂ ತೆಗೀಬೇಕಂತೆ. ಆಮೇಲೆ ಮಾತಿಲ್ಲ.”

“ಹಾಡೋಕೆ ಡಾಕ್ಟ್ರು ಒಪ್ಪಿದ್ರಾ?”

“ಅವರನ್ನ ಕೇಳಿದ್ರೆ ತಾನೆ.”

ಯಲ್ಲಪ್ಪ ಆಗ ಬಾಯಿಬಿಟ್ಟರು. ತಗಡಿನ ಮೇಲೆ ಮರಳು ಎಳೆದ ಹಾಗಿತ್ತು ಧ್ವನಿ. “ಹೇಗಿದ್ರೂ ಕಿತ್ತು ಬಿಸಾಕೋ ಸಾಮಾನು. ಅದಕ್ಯಾಕೆ ಪರ್ಮಿಷನ್ನು.”

ಅನ್ನಪೂರ್ಣೇಶ್ವರಿ ನಗರದಲ್ಲಿ ಅವರದು ಹಿಟ್ಟಿನ ಗಿರಣಿ. ಮಿಷನ್ನಿನ ಸದ್ದಿಗಿಂತ ಮೇಲೆ ಹಾಡಿ ಹಾಡಿ ಬಂದ ಗಂಟಲು ಅದು. ಯಾರ ಹತ್ತಿರವೂ ಸಂಗೀತ ಕಲಿತವರಲ್ಲ. ರಾಗಿ ಹಾಕಿಸಲು ಬಂದ ಹೆಂಗಸರು ಹಿಟ್ಟು ಸಿದ್ಧವಾದ ಮೇಲೂ ಡಬ್ಬಿ ಹಿಡಿದು ನಿಲ್ಲುತ್ತಿದ್ದರು ಅಂದರೆ ನೀವೇ ಲೆಕ್ಕ ಹಾಕಿ. ಮೇಷ್ಟ್ರು ತಾವೇ ಬರೆದ ಈ ನಾಟಕದಲ್ಲಿ ಯುದ್ಧ ಸೋತ ರಾಜ ಕೋಟೆ ಬಿಟ್ಟು ಹೋಗುವ ಮುಂಚೆ ಹಾಡುವ ಕೊನೆಯ ಹಾಡೊಂದಿದೆ. ಅದನ್ನು ಅವರು ಬರೆದದ್ದೇ ಯಲ್ಲಪ್ಪನ ಗಂಟಲಿಗಾಗಿ.

ಮೇಷ್ಟ್ರು ಹಾರ್ಮೋನಿಯಮ್ಮಿನ ಕಪ್ಪು ಮನೆಗಳ ಮೇಲೆ ಬೆರಳಾಡಿಸಿದರು. “ಮೊದಲು ನೀನು ಕಪ್ಪು ಮೂರರಲ್ಲಿ ಹಾಡ್ತಿದ್ದೆ. ಈಗ ಬೇಡ, ಶ್ರುತೀನ ಕಪ್ಪು ಒಂದಕ್ಕೆ ಇಳಿಸೋಣ.”

“ಅಷ್ಟು ಕೆಳಗೆ ಹಾಡಿದ್ರೆ ಜನ ಬಗ್ಗಿ ಹುಡುಕಬೇಕಾಗುತ್ತೆ ಮೇಷ್ಟ್ರೇ.”

“ಹುಡುಕಲಿ ಬಿಡು. ನೀನು ಈಗಿಂದ ಒಂದಕ್ಷರ ಹಾಡಬೇಡ. ಇರೋದು ಒಂದು ಸಲಕ್ಕಾಗುವಷ್ಟು. ಅದನ್ನ ಭಾನುವಾರಕ್ಕೆ ಇಟ್ಕೋ.”

ಹಾಗೇ ಆಯಿತು. ತಾಲೀಮಿನಲ್ಲಿ ಆ ಜಾಗ ಬಂದಾಗ ಮೇಷ್ಟ್ರು ಬರೀ ಹಾರ್ಮೋನಿಯಂ ನುಡಿಸುತ್ತಿದ್ದರು, ಯಲ್ಲಪ್ಪ ಕೈ ಮಾತ್ರ ಆಡಿಸುತ್ತಿದ್ದರು. ಮಂತ್ರಿ ಪಾತ್ರದ ನಾನು ಅವರ ಮಾತುಗಳಲ್ಲಿ ಅರ್ಧವನ್ನು ನನ್ನ ಬಾಯಿಗೆ ಹಾಕಿಕೊಂಡೆ. “ಮುನಿಯಣ್ಣ, ಹಿಂಗೇ ಆದ್ರೆ ಮುಂದಿನ ವರ್ಷ ರಾಜ್ಯಾನೇ ನಿಮ್ದು,” ಎಂದು ಯಲ್ಲಪ್ಪ ಕಣ್ಣು ಮಿಟುಕಿಸಿದರು. ನನಗೆ ನಗು ಬರಲಿಲ್ಲ.

ಸೇನಾಪತಿ ಪಾತ್ರದ ಮಹೇಶ, ಮನೆಮನೆಗೆ ನೀರಿನ ಕ್ಯಾನ್ ಹಾಕುವ ಹುಡುಗ, ತಾಲೀಮಿಗೆ ಯಾವಾಗಲೂ ತಡ. ಆಪರೇಷನ್ನಿನ ವಿಷಯವನ್ನು ಅವನಿಗೆ ಮೆಟ್ಟಿಲ ಮೇಲೆ ನಿಲ್ಲಿಸಿ ನಾನೇ ಹೇಳಿದೆ. ಹೆಲ್ಮೆಟ್ಟಿನ ಗಾಜನ್ನು ಮುಖದ ಮೇಲೆ ಕೆಳಗೆಳೆದುಕೊಂಡ. ಒಂದೇ ಸಲಕ್ಕಾಗುವಷ್ಟು ಧ್ವನಿಯಿದೆ ಎಂದು ಮೇಷ್ಟ್ರು ಅಂದ ಮಾತು ಅವನಿಗೆ ಹೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಭಾನುವಾರ ಸಂಜೆ ಬ್ಯಾಡರಹಳ್ಳಿಯ ಸಮುದಾಯ ಭವನ ತುಂಬಿತ್ತು. ಗಿರಣಿಯ ಗಿರಾಕಿಗಳು ಮಕ್ಕಳ ಸಮೇತ ಬಂದಿದ್ದರು. ಹನುಮಕ್ಕ ಮುಂದಿನ ಸಾಲು ಬೇಡವೆಂದು ಬಿಸಿನೀರಿನ ಫ್ಲಾಸ್ಕ್ ಹಿಡಿದು ರಂಗದ ಪಕ್ಕದ ಪರದೆಯ ಮರೆಯಲ್ಲಿ, ನನ್ನ ಮಗ್ಗುಲಲ್ಲೇ ನಿಂತಳು.

ಕೊನೆಯ ಅಂಕ ಬಂತು. ಮೇಷ್ಟ್ರು ಶ್ರುತಿ ಕೊಟ್ಟರು. ಯಲ್ಲಪ್ಪ ಕಿರೀಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಮೈಕಿನ ಹತ್ತಿರ ಬಂದು ಹಾಡಿದರು.

ಅದನ್ನು ಹೇಗೆ ಹೇಳಲಿ. ಹಳೆಯ ಧ್ವನಿ ಅಲ್ಲ. ಅಲ್ಲಲ್ಲಿ ಬಿರುಕು, ಅಲ್ಲಲ್ಲಿ ಬರೀ ಉಸಿರು. ಆದರೆ ಸ್ವರ ಒಂದೂ ತಪ್ಪಲಿಲ್ಲ. ಸೋತ ರಾಜ ಹಾಡುವುದೇ ಹೀಗೆ, ಇಷ್ಟು ದಿನ ಇವರು ಗೆದ್ದವನ ಗಂಟಲಲ್ಲಿ ಹಾಡಿಬಿಟ್ಟಿದ್ದರು ಅನ್ನಿಸಿತು. ಹನುಮಕ್ಕ ಪರದೆಯ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕೇಳಿದಳು. ಹಾಡು ಮುಗಿಯಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಆಗ ಹಿಂದಿನ ಸಾಲಿನಿಂದ ಕೂಗು ಬಂತು. “ಒನ್ಸ್ ಮೋರ್, ಯಲ್ಲಪ್ಪಣ್ಣ, ಒನ್ಸ್ ಮೋರ್.”

ಒಬ್ಬ ಕೂಗಿದ್ದೇ ತಡ, ಇಡೀ ಭವನ ಕೂಗಿತು. ನಮ್ಮ ಕಡೆ ನಾಟಕದಲ್ಲಿ ಜನ ಒನ್ಸ್ ಮೋರ್ ಅಂದರೆ ಪಾತ್ರಧಾರಿ ಮತ್ತೆ ಹಾಡಲೇಬೇಕು. ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ, ಹಾಡದೆ ಹೋದವನಷ್ಟು ಜಂಬಗಾರನೂ ಇಲ್ಲ. ಆಚೆ ಪಕ್ಕದ ಪರದೆ ಸಂದಿಯಲ್ಲಿ ಮಹೇಶ ನಗುತ್ತ, ಹಿಂದಿನ ಸಾಲಿನಲ್ಲಿ ತಾನೇ ಕರೆತಂದು ಕೂರಿಸಿದ್ದ ಹುಡುಗರಿಗೆ ಇನ್ನೂ ಜೋರಾಗಿ ಎಂದು ಕೈ ಮಾಡುತ್ತಿದ್ದ.

ಮೇಷ್ಟ್ರು ಬೇಡವೆಂದು ತಲೆಯಾಡಿಸಿದರು. ಯಲ್ಲಪ್ಪ ಜನರ ಕಡೆ ನೋಡಿದರು, ಕೈ ಮುಗಿದರು, ಮತ್ತೆ ಮೈಕಿನ ಹತ್ತಿರ ಬಂದರು. ಪಕ್ಕದಲ್ಲಿ ಹನುಮಕ್ಕ ಗಡಿಬಿಡಿಯಲ್ಲಿ ಬ್ಯಾಗಿನಿಂದ ಫೋನ್ ತೆಗೆದಳು. “ಆಗಲೇ ರೆಕಾರ್ಡ್ ಮಾಡೋದೇ ಮರೆತೆ ಮುನಿಯಣ್ಣ, ಕೇಳ್ತಾ ನಿಂತ್ಬಿಟ್ಟೆ. ಇದು ಒತ್ತಿದ್ರೆ ಆಯ್ತಲ್ವಾ?”

ನಾನೇ ಒತ್ತಿಕೊಟ್ಟೆ.

ಯಲ್ಲಪ್ಪ ಬಾಯಿ ತೆರೆದರು. ಏನೂ ಬರಲಿಲ್ಲ. ಕತ್ತಿನ ನರ ಉಬ್ಬಿತು, ತುಟಿ ಆಡಿತು, ಕೈ ಸರಿಯಾದ ಜಾಗದಲ್ಲೇ ಮೇಲೇರಿತು. ಮೇಷ್ಟ್ರ ಹಾರ್ಮೋನಿಯಂ ಮಾತ್ರ ಹಾಡುತ್ತಿತ್ತು.

“ಮೈಕ್, ಮೈಕ್,” ಎಂದು ಜನ ಕೂಗಿದರು. “ಮೈಕ್‌ಸೆಟ್ಟೋನೇ, ನಿದ್ದೆ ಮಾಡ್ತಿದೀಯೇನಯ್ಯ?”

ಮೈಕ್‌ಸೆಟ್ಟಿನ ಶಶಿಕುಮಾರ್ ರಂಗದ ಕೆಳಗೆ ಕೂತಿದ್ದ. ಮೈಕ್ ಸರಿಯಿದೆ ಎಂದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರಿಲ್ಲ. ಒಂದು ಕ್ಷಣ ಯಲ್ಲಪ್ಪನ ಮುಖ ನೋಡಿದ. ಆಮೇಲೆ ಸ್ವಿಚ್ ಆರಿಸಿ, ರಂಗಕ್ಕೆ ಹತ್ತಿ, ಮೈಕನ್ನು ಪಟಪಟ ತಟ್ಟಿದ, ವೈರ್ ಕಿತ್ತು ಜನರಿಗೆ ತೋರಿಸಿದ. “ತಪ್ಪಾಯ್ತು ಸಾರ್, ಕನೆಕ್ಷನ್ ಹೋಯ್ತು. ನಂದೇ ತಪ್ಪು. ಕ್ಷಮಿಸಿ.”

“ಇಂಥ ಹಾಡು ಹಾಳು ಮಾಡಿದ್ಯಲ್ಲೋ, ಥೂ,” ಎಂದಿತು ಯಾವುದೋ ಮುದಿ ಧ್ವನಿ. ಕಡಲೆಕಾಯಿ ಸಿಪ್ಪೆ ಹಾರಿಬಂತು. ಶಶಿಕುಮಾರ್ ತಲೆ ತಗ್ಗಿಸಿಕೊಂಡು ನಿಂತ. ಪರದೆ ಬಿತ್ತು.

ಬಣ್ಣದ ಕೋಣೆಯಲ್ಲಿ ಮಹೇಶ ಯಲ್ಲಪ್ಪನ ಕಾಲ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ. ಸೇನಾಪತಿಯ ಕತ್ತಿ ಇನ್ನೂ ಸೊಂಟದಲ್ಲಿತ್ತು. “ನನಗೆ ಗೊತ್ತಿರ್ಲಿಲ್ಲ ಕಣಣ್ಣ. ನಾನೇ ಹುಡುಗರಿಗೆ ಹೇಳಿದ್ದು. ಒನ್ಸ್ ಮೋರ್ ಇಲ್ಲದೆ ನಿಮ್ಮನ್ನ ಕಳಿಸಬಾರದು ಅಂತ.”

ಯಲ್ಲಪ್ಪ ಅವನ ತಲೆ ಸವರಿದರು.

“ನೀನು ಹೇಳದಿದ್ರೂ ಜನ ಕೇಳೋರೇ ಮಹೇಶ,” ಎಂದಳು ಹನುಮಕ್ಕ. “ಅಳಬೇಡ, ಬಣ್ಣ ಇಳೀತಿದೆ ನೋಡು.”

ಶಶಿಕುಮಾರ್ ವೈರ್ ಸುತ್ತುತ್ತ ಬಾಗಿಲಲ್ಲಿ ನಿಂತ. “ಅಕ್ಕ, ಮೊದಲನೇ ಸಲದ್ದು ರೆಕಾರ್ಡ್ ಆಯ್ತಾ? ನಮ್ಮಮ್ಮಂಗೆ ಕೇಳಿಸ್ಬೇಕು.”

ಹನುಮಕ್ಕ ನನ್ನ ಮುಖ ನೋಡಿದಳು.

“ಆಯ್ತಪ್ಪ,” ಎಂದಳು. “ಆಮೇಲೆ ಕಳಿಸ್ತೀನಿ.”

ಯಲ್ಲಪ್ಪನವರ ಮುಖ ಅರಳಿತು. ಫೋನಿಗಾಗಿ ಕೈ ಚಾಚಿದರು. ಹನುಮಕ್ಕ ಆ ಕೈಯನ್ನು ಮೆಲ್ಲಗೆ ಅವರ ತೊಡೆಯ ಮೇಲೆ ಇಳಿಸಿ, ಹತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಅವರ ತುಟಿಯ ಮೇಲೆ ಅಂಟಿದ್ದ ರಾಜನ ಮೀಸೆಯನ್ನು ಒಂದು ತುದಿಯಿಂದ ಬಿಡಿಸತೊಡಗಿದಳು.