ಜಡಿ ಅಕ್ಕೋರ ಚೌರಿ

ನಾನು ಒಂದು ಚೌರಿ. ಕೂದಲು ಕಡಿಮೆ ಇರುವ ಹೆಂಗಸರು ತಮ್ಮ ಕೂದಲಿಗೆ ಸೇರಿಸಿ ಹೆಣೆದುಕೊಳ್ಳುತ್ತಾರಲ್ಲ, ಆ ಕಳ್ಳಜಡೆ. ಕಳ್ಳ ಎಂದು ನಾನು ಅಂದುಕೊಂಡರೆ ಸರಿ, ನೀವು ಅಂದರೆ ನನಗೆ ಸಿಟ್ಟು ಬರುತ್ತದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ ಎಂದು ನಗುವವರಿಗೆ ಜುಟ್ಟೇ ಇಲ್ಲದವಳ ಸಂಕಟ ಗೊತ್ತಿಲ್ಲ. ನನಗೆ ಗೊತ್ತು.

ನೀವೆಲ್ಲ ಒಬ್ಬ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದಿರಿ. ನಾನು ನಾನೂರು ಹೆಂಗಸರ ಬಾಚಣಿಕೆಯಲ್ಲಿ ಹುಟ್ಟಿದೆ. ನಮ್ಮ ಕಡೆ ಬಾಚುವಾಗ ಉದುರಿದ ಕೂದಲನ್ನು ಎಲ್ಲೆಂದರಲ್ಲಿ ಎಸೆಯುವುದಿಲ್ಲ. ಬೆರಳಿಗೆ ಸುತ್ತಿ ಉಂಡೆ ಮಾಡಿ, ಥೂ ಥೂ ಎಂದು ಉಗಿದು, ಗೋಡೆಯ ಸಂದಿಗೆ ಸಿಕ್ಕಿಸುತ್ತಾರೆ. ಕೂದಲು ಪರರ ಕೈಗೆ ಸಿಕ್ಕರೆ ಆಳೇ ಸಿಕ್ಕಂತೆ ಎಂಬ ಭಯ. ಆದರೆ "ಕೂದಲಾ... ಕೂದಲಾ" ಎಂದು ಕೂಗುತ್ತ ಸೈಕಲ್ಲಿನವನು ಬಂದರೆ ಆ ಭಯವೆಲ್ಲ ಎಲ್ಲಿಗೆ ಹೋಗುತ್ತದೋ! ಸಂದಿಯಿಂದ ಉಂಡೆ ಹೊರಗೆ ಬರುತ್ತದೆ, ಮನೆಯೊಳಗೆ ಒಂದು ಹಿಡಿ ಪಿನ್ನು ಹೋಗುತ್ತದೆ. ಹಾಗೆ ಕೊಪ್ಪಳ ಸೀಮೆಯ ನಾನೂರು ಗೋಡೆಗಳಿಂದ ಬಂದವಳು ನಾನು.

ಒಂದು ತಗಡಿನ ಶೆಡ್ಡಿನಲ್ಲಿ ಹಂಪವ್ವ ಎಂಬ ಮುದುಕಿ ಸೂಜಿಯಿಂದ ಸಿಕ್ಕು ಬಿಡಿಸಿ, ತೊಳೆದು, ಮೂರು ಎಳೆ ಮಾಡಿ, ಬುಡಕ್ಕೆ ಕಪ್ಪು ದಾರ ಬಿಗಿದಳು. "ಯಾರದೋ ರೊಕ್ಕ ಎಲ್ಲಮ್ಮನ ಜಾತ್ರಿ, ಯಾರದೋ ಕೂದಲ ಯಾರದೋ ಜಡಿ" ಎಂದು ತನ್ನಷ್ಟಕ್ಕೆ ನಕ್ಕಳು. ಗಂಟು ಬಿದ್ದದ್ದೇ ತಡ, ನನ್ನೊಳಗೆ ಒಬ್ಬಳನ್ನು ಬಿಟ್ಟು ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. ಹುಲಿಗೆವ್ವ ಎಂಬವಳು ತೀರಿಹೋದ ತನ್ನ ಕೂಸನ್ನು ಕರೆಯುತ್ತಿದ್ದಳು. ಖಾಸಿಂಬಿ ಸುಮ್ಮಸುಮ್ಮನೆ ನಗುತ್ತಿದ್ದಳು. ಇಷ್ಟು ಜನರಲ್ಲಿ ನಾನು ಯಾರು ಎಂದು ಕೇಳಿದೆ. ಅವರು ತಮ್ಮ ತಮ್ಮ ಹೆಸರನ್ನೇ ಹೇಳಿದರು. ಹಂಪವ್ವ ಮಾತ್ರ ಕೈ ನಿಲ್ಲಿಸಿ, ಕಿವಿಗೊಟ್ಟು ಕೇಳಿ, ನನ್ನನ್ನು ಅವಸರವಾಗಿ ಚೀಲಕ್ಕೆ ತುರುಕಿದಳು.

ಮೊದಲು ನನ್ನನ್ನು ಮುಡಿದವಳು ಶಿವಲೀಲಾ ಎಂಬ ಮದುಮಗಳು. ಮದುವೆಯೇನೋ ಚೆನ್ನಾಗಿಯೇ ಆಯಿತು. ಐದನೆಯ ದಿನ ಹಾಡಹಗಲಲ್ಲಿ ಅವಳು ಒಲೆಯ ಮುಂದೆ ಕೂತು, ಜೋಗುಳ ಹಾಡುತ್ತ ಖಾಲಿ ಮಡಿಲು ತೂಗತೊಡಗಿದಳು.

"ಯಾರನ್ನ ತೂಗಾಕತ್ತೀಯವ್ವಾ?" ಎಂದು ಅತ್ತೆ ಕೇಳಿದಳು.

"ನಮ್ಮ ಶರಣ್ಯಾನ್ನ" ಎಂದಳು ಶಿವಲೀಲಾ. ಎರಡೂ ಮನೆತನದಲ್ಲಿ ಆ ಹೆಸರಿನವರು ಇರಲಿಲ್ಲ. ಅದು ಹುಲಿಗೆವ್ವನ ಕೂಸಿನ ಹೆಸರು. ಮರುದಿನವೇ ಅತ್ತೆ ನನ್ನನ್ನು ಯಲಬುರ್ಗಾದ ಒಂದು ಬಳೆ ಅಂಗಡಿಯಲ್ಲಿ ಬಿಟ್ಟುಬಂದಳು. ಅಂಗಡಿಯವನು ಸೀಗೆಕಾಯಿ ಹಾಕಿ ತೊಳೆದು, ಹೊಸದೆಂದು ತೂಗುಹಾಕಿದ. ನಾನೂ ಹೊಸಬಳಂತೆ ಮಿಂಚಿದೆ.

ಅಲ್ಲಿಗೆ ಬಂದವಳು ನೀಲಗಂಗಾ. ಹತ್ತಿರದ ಹಳ್ಳಿಯ ಸರಕಾರಿ ಶಾಲೆಯ ಅಕ್ಕೋರು. ನಮ್ಮ ಕಡೆ ಶಿಕ್ಷಕಿಯನ್ನು ಹಾಗೆ ಕರೆಯುತ್ತಾರೆ. ಮೊಣಕಾಲಿಗೆ ಬಡಿಯುವ ಜಡೆ ಇದ್ದುದರಿಂದ ಊರಿಗೆಲ್ಲ ಅವಳು ಜಡಿ ಅಕ್ಕೋರು. ನಿಜವಾದ ಹೆಸರು ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ. ಟೈಫಾಯ್ಡ್ ಬಂದು ಆರು ತಿಂಗಳು ರಜೆಯಲ್ಲಿದ್ದಳು. ಮೊದಲ ಎರಡು ತಿಂಗಳಲ್ಲೇ ಜಡೆಯೆಲ್ಲ ಉದುರಿತ್ತು. ಉದುರಿದ್ದು ಕಣ್ಣೆದುರು ಇರಬಾರದೆಂದು ಅವಳೇ ಉಂಡೆ ಕಟ್ಟಿ ಸೈಕಲ್ಲಿನವನಿಗೆ ಕೊಟ್ಟಿದ್ದಳು. ಈಗ ಉಳಿದದ್ದು ಹೆಗಲಿಗೂ ಮುಟ್ಟದ ನಾಲ್ಕು ಎಳೆ. ಜಡೆಯಿಲ್ಲದೆ ಶಾಲೆಗೆ ಹೋದರೆ ತನ್ನನ್ನು ಯಾರು ಗುರುತಿಸುತ್ತಾರೆ ಎಂದು ಅವಳಿಗೆ ಹೆದರಿಕೆ.

ಅವಳು ನನ್ನನ್ನು ತಲೆಗಿಟ್ಟ ಕ್ಷಣ ನನ್ನೊಳಗಿನ ಒಂದು ಎಳೆ ಬೆಚ್ಚಿಬಿತ್ತು. ಅದಕ್ಕೆ ತನ್ನ ನೆತ್ತಿಯ ಗುರುತು ಸಿಕ್ಕಿತ್ತು. ನನ್ನ ನಾನೂರು ಹೆಂಗಸರಲ್ಲಿ ಒಬ್ಬಳು ಇದೇ ನೀಲಗಂಗಾ. ಅಲ್ಲಿಯವರೆಗೆ ಬಾಯಿಯನ್ನೇ ಬಿಡದಿದ್ದ ಆ ಎಳೆ, ಅಂದಿನಿಂದ ಅವಳದೇ ದನಿಯಲ್ಲಿ ಮೆಲ್ಲಗೆ ಮಾತು ಕಲಿಯತೊಡಗಿತು.

"ಜಡಿ ಅಕ್ಕೋರು ಬಂದ್ರು!" ಎಂದು ಊರು ಹಿಗ್ಗಿತು. ಅವಳೂ ಹಿಗ್ಗಿದಳು. ಆದರೆ ಅವಳು ಚಿಕ್ಕವಳಿದ್ದಾಗ ಅವಳ ಅವ್ವ ಒಂದು ಮಾತು ಹೇಳಿದ್ದಳು: "ಹಿಂದಿಂದ ಯಾರರ ಕರದ್ರ ಮೂರ್ ಸಲಾ ಕರ್ಯೂತನಾ ಓ ಅನಬ್ಯಾಡ. ದೆವ್ವಕ್ಕ ಎರಡ ಸಲಾ ಕರ್ಯಾಕ ಬರತೈತಿ, ಮೂರನೇದ್ದು ಬರಂಗಿಲ್ಲ." ಅದನ್ನು ಅವಳು ಮರೆತಳು. ಬೆನ್ನ ಹಿಂದೆ ನೇತಾಡುತ್ತ ನಾನು ಯಾರ ದನಿಯಲ್ಲಿ ಕರೆದರೂ ಮೊದಲ ಸಲಕ್ಕೇ ಓ ಅನ್ನುತ್ತಿದ್ದಳು. ಹುಲಿಗೆವ್ವ ಕರೆದರೆ ಅಳುತ್ತಿದ್ದಳು. ಖಾಸಿಂಬಿ ಕರೆದರೆ ಹೆಡ್‌ಮಾಸ್ತರರ ಎದುರಿಗೇ ಕಿಲಕಿಲ ನಗುತ್ತಿದ್ದಳು. ನನಗೆ ಅದು ಆಟವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಒಂದು ಸೋಮವಾರ ಬೆಳಿಗ್ಗೆ ಅವಳು ಮೂರನೆಯ ತರಗತಿಯ ಹಾಜರಿ ತೆಗೆದುಕೊಳ್ಳುತ್ತಿದ್ದಳು.

"ಇಮಾಮಸಾಬ."

"ಹಾಜರ್ರೀ ಅಕ್ಕೋರ."

"ಗಿರಿಜವ್ವ."

"ಹಾಜರ್ರೀ."

"ಹುಲಿಗೆವ್ವ."

ಪುಸ್ತಕದಲ್ಲಿ ಆ ಹೆಸರಿರಲಿಲ್ಲ. ಮಕ್ಕಳು ಮುಖ ಮುಖ ನೋಡಿಕೊಂಡರು. ನಾನು ಅವಳ ಬೆನ್ನ ಹಿಂದಿನಿಂದ "ಹಾಜರ್" ಅಂದೆ. ಬೇಕೆಂದು ಅನ್ನಲಿಲ್ಲ, ಕರೆದಳು, ಬಂದುಬಿಟ್ಟಿತು. "ಖಾಸಿಂಬಿ" ಎಂದಳು. ಅದಕ್ಕೂ ನಾನೇ "ಹಾಜರ್" ಅಂದೆ. ಮುಂದಿನ ಸಾಲಿನಲ್ಲಿದ್ದ ಗಿರಿಜವ್ವ ಬರೆಯುವ ಪಾಟಿ ಎದೆಗವಚಿಕೊಂಡು ಸಣ್ಣ ದನಿಯಲ್ಲಿ ಹೇಳಿದಳು: "ಅಕ್ಕೋರ, ನಿಮ್ಮ ಜಡಿ ಮಾತಾಡಾಕತ್ತೈತ್ರೀ."

ನೀಲಗಂಗಾಳ ಹಣೆ ಬೆವರಿತು. ಪುಸ್ತಕ ಮುಚ್ಚಿದಳು. ಅವಳು ಒಳಗೊಳಗೇ ತನ್ನ ಹೆಸರನ್ನು ಹುಡುಕುತ್ತಿದ್ದಾಳೆ, ನಾನೂರು ಹೆಸರುಗಳ ನಡುವೆ ಅದು ಸಿಗುತ್ತಿಲ್ಲ ಎಂದು ನನಗೆ ತಿಳಿಯಿತು. ತುಸು ಹೊತ್ತಿನ ಮೇಲೆ ಸಿಕ್ಕಿತು.

"ನೀಲಗಂಗಾ" ಎಂದು ತಾನೇ ಕರೆದಳು.

"ಹಾಜರ್" ಅಂದೆ. ದನಿ ಅವಳದೇ. ಆದರೆ ಅವಳ ತುಟಿಗಳು ಮುಚ್ಚಿದ್ದವು.

ಇನ್ನೊಮ್ಮೆ ಕರೆದಳು. ಇನ್ನೊಮ್ಮೆ ಅಂದೆ. ನಿಜ ಹೇಳುತ್ತೇನೆ, ಆಗ ನನಗೆ ಆಸೆ ಹುಟ್ಟಿತು. ಮೂರನೆಯ ಸಲವೂ ನಾನೇ ಓಗೊಟ್ಟರೆ ಆ ಹೆಸರು ನನ್ನದಾಗುತ್ತದೆ, ಅವಳು ನನ್ನೊಳಗಿನ ಬರೀ ಒಂದು ಎಳೆಯಾಗಿ ಉಳಿಯುತ್ತಾಳೆ. ಹೆಸರಿಲ್ಲದವರಿಗೆ ಹೆಸರಿನ ಆಸೆ ಎಷ್ಟಿರುತ್ತದೆಂದು ನಿಮಗೇನು ಗೊತ್ತು!

ಮೂರನೆಯ ಸಲ ಕರೆಯಲು ಬಾಯಿ ತೆರೆದವಳು ತಡೆದು ನಿಂತಳು. ಅವ್ವನ ಮಾತು ನೆನಪಾಗಿರಬೇಕು. ಇಪ್ಪತ್ತೆರಡು ಮಕ್ಕಳ ಎದುರಿಗೇ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು. ನನ್ನನ್ನು ಬಿಚ್ಚಿ ಮೇಜಿನ ಮೇಲೆ ಹಾಜರಿ ಪುಸ್ತಕದ ಪಕ್ಕ ಇಟ್ಟಳು. ನೆತ್ತಿ ಕಾಣುವ ಅವಳ ತಲೆಯ ಮೇಲೆ ಕಿಟಕಿಯ ಬಿಸಿಲು ಬಿತ್ತು.

"ನೀಲಗಂಗಾ" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ "ಹಾಜರ್" ಅಂದಳು. ಜ್ವರ ಬಿಟ್ಟುಹೋದ ಒಡಕು ದನಿ. ನಾನು ಕಲಿತ ದನಿಯಷ್ಟು ಇಂಪಾಗಿರಲಿಲ್ಲ. ಆದರೆ ಅದನ್ನು ಕೇಳಿದ ಮೇಲೆಯೇ ಮಕ್ಕಳು ಉಸಿರು ಬಿಟ್ಟರು.

"ಅಕ್ಕೋರ, ಮತ್ತ ನಿಮ್ಮ ಜಡಿ?" ಗಿರಿಜವ್ವ ನನ್ನ ಕಡೆ ಬೆರಳು ತೋರಿಸಿದಳು.

"ಅದು ನಂದಲ್ಲವ್ವಾ. ನಂದು ಇಷ್ಟ ಐತಿ ನೋಡು" ಎಂದು ನೀಲಗಂಗಾ ತಲೆ ಬಗ್ಗಿಸಿ ತೋರಿಸಿದಳು.

ಇಮಾಮಸಾಬ ಇಣುಕಿ ನೋಡಿದ. "ನಮ್ಮಪ್ಪಂದೂ ಹಂಗ ಐತ್ರೀ" ಎಂದ. ಮಕ್ಕಳು ನಕ್ಕರು. ಅವಳೂ ನಕ್ಕಳು, ಆ ನಗು ಖಾಸಿಂಬಿಯದಲ್ಲ.

ಅಂದು ಮನೆಗೆ ಹೋದವಳೇ ನನ್ನನ್ನು ಬಿಸಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಅರಿಸಿನ ಹಚ್ಚಿದ ಬಟ್ಟೆಯಲ್ಲಿ ಸುತ್ತಿ, ಅಡುಗೆಮನೆಯ ಪಕ್ಕದ ಗೋಡೆಯ ಗೂಡಿನಲ್ಲಿ ಇಟ್ಟಳು. "ನೀವು ಯಾರ್ಯಾರೋ ನನಗ ಗೊತ್ತಿಲ್ಲವ್ವಾ. ಹಾಕ್ಕೊಳ್ಳಂಗಿಲ್ಲ, ಬ್ಯಾರೇದವ್ರಿಗೆ ಕೊಡಂಗೂ ಇಲ್ಲ. ನನ್ನ ದನೀನೂ ಕೇಳೇನಿ, ನಂದೂ ಒಂದ್ ಎಳಿ ಐತಿ ನಿಮ್ಮೊಳಗ, ಅದೂ ಇರಲಿ. ಇಲ್ಲೇ ಕುಂದರ್ರಿ" ಎಂದಳು.

ಅವಳು ಒಂದೇ ದಿನದಲ್ಲಿ ಗೆದ್ದಳೆಂದು ತಿಳಿಯಬೇಡಿ. ಎಷ್ಟೋ ಮುಂಜಾನೆ ಕನ್ನಡಿಯ ಮುಂದೆ ನಿಂತವಳ ಕೈ ಗೂಡಿನವರೆಗೂ ಬರುತ್ತಿತ್ತು. ನಾನು ಕರೆಯುತ್ತಿದ್ದೆ ಕೂಡ, ಎರಡು ಸಲ. ಅವಳು ಮೂರನೆಯದಕ್ಕೆ ಕಾಯುತ್ತಿದ್ದಳು. ಅದು ಬರುತ್ತಿರಲಿಲ್ಲ. ಕೈ ಹಿಂದಕ್ಕೆ ಹೋಗುತ್ತಿತ್ತು. ಅವಳ ಕೂದಲು ಮತ್ತೆ ಮೊಣಕಾಲಿಗೇನೂ ಬೆಳೆಯಲಿಲ್ಲ. ಈಗ ಊರವರು ಗಂಗಾ ಅಕ್ಕೋರು ಅನ್ನುತ್ತಾರೆ.

ವರ್ಷಗಳಾದವು. ನನ್ನ ದಾರ ಸಡಿಲಾಗಿದೆ, ಬಟ್ಟೆಗೆ ನುಸಿ ಹಿಡಿದಿದೆ. ಒಳಗೆ ಹುಲಿಗೆವ್ವ ಅಳು ನಿಲ್ಲಿಸಿದ್ದಾಳೆ. ನಾನು ಯಾರು ಎಂದು ನಾನೂ ಈಗ ಕೇಳುವುದಿಲ್ಲ. ನಾವು ನಾನೂರು ಜನ, ಕೂತಿದ್ದೇವೆ, ಅಷ್ಟೆ.

ಮೊನ್ನೆ ಮಧ್ಯಾಹ್ನ ಓಣಿಯಲ್ಲಿ ಸೈಕಲ್ಲಿನವನು ಬಂದ. "ಕೂದಲಾ..." ಎಂದ. ಗೂಡಿನಲ್ಲಿ ಎಲ್ಲರೂ ನಡುಗಿದೆವು. "ಕೂದಲಾ..." ಎಂದ. ನಾನು ಬಾಯಿ ಬಿಗಿಹಿಡಿದೆ. ಬಾಗಿಲಿಗೇ ಬಂದು ಮೂರನೆಯ ಸಲ ಕರೆದ.

ನೀಲಗಂಗಾ ಒಲೆಯ ಮುಂದಿನಿಂದಲೇ ಕೂಗಿ ಹೇಳಿದಳು: "ಮುಂದ ಹೋಗಪಾ. ನಮ್ಮನ್ಯಾಗ ಮಾರಾಕ ಯಾರೂ ಇಲ್ಲ."

ಎಲ್ಲರೂ 'ಮಾರಾಕ ಏನೂ ಇಲ್ಲ' ಅನ್ನುತ್ತಾರೆ. ಅವಳು 'ಯಾರೂ' ಅಂದಳು.

ಆಗ ನಾನು ಅವಳ ಮಾತಿಗೆ ಓ ಅಂದೆ, ಬಲು ಮೆಲ್ಲಗೆ. ಅಡುಗೆಮನೆಯಲ್ಲಿ ಸೌಟಿನ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.