ಬಲಭುಜದ ಮೇಲಿನ ನೋಟ

ನನ್ನ ಸರ ಹೋದದ್ದು ಬಟವಾಡಿಯ ಸರ್ವಿಸ್ ರಸ್ತೆಯಲ್ಲಿ, ಸಂಜೆ ಅಂಗಡಿ ಬಾಗಿಲು ಹಾಕಿ ಮನೆಗೆ ನಡೆಯುತ್ತಿದ್ದಾಗ. ಹಿಂದಿನಿಂದ ಬೈಕು ಬಂತು, ಕುತ್ತಿಗೆ ಚುರ್ ಎಂದಿತು, ಅಷ್ಟೆ. ಊರವರ ಸೀರೆಗೆಲ್ಲ ಫಾಲ್ಸ್ ಹೊಲಿದು ಮಾಡಿಸಿಕೊಂಡಿದ್ದ ಸರ. ಆ ಹೊಟ್ಟೆಯುರಿ ಹೇಗೋ ತಣ್ಣಗಾಯಿತು. ಹೆದರಿಕೆ ಮಾತ್ರ ಹೋಗಲಿಲ್ಲ. ಹಿಂದೆ ಯಾವ ಬೈಕಿನ ಸದ್ದಾದರೂ ಕಾಲು ನಿಂತುಬಿಡುತ್ತಿತ್ತು. ದಿನಾ ಓಡಾಡುವ ರಸ್ತೆಯಲ್ಲಿ ನಾನೇ ಕಳ್ಳಿಯ ಹಾಗೆ ಗೋಡೆಗೆ ಅಂಟಿಕೊಂಡು ಹೋಗಬೇಕೆ? ಮೈಯೆಲ್ಲ ಉರಿಯಿತು. ಒಂದು ಗುದ್ದು ಕಲಿತುಬಿಡೋಣ ಎಂದು ಕರಾಟೆಗೆ ಸೇರಿದೆ.

ನಮ್ಮ ಅಂಗಡಿಯ ಮೇಲಿನ ಮಹಡಿಯಲ್ಲೇ ಸಂಗಮೇಶ್ ಮಾಸ್ಟ್ರ ಕ್ಲಾಸು. ಬೋರ್ಡಿನಲ್ಲಿ ‘ಶ್ರೀ ಗುರುಕೃಪಾ ಕರಾಟೆ ಪೀಠ’ ಎಂದಿತ್ತು. ಪೀಠ ಎನ್ನುವ ಮಾತು ಕಂಡಾಗಲೇ ನಾನು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿಯಬೇಕಿತ್ತು.

“ಒಂದು ಗುದ್ದು ಹೇಳ್ಕೊಡಿ ಮಾಸ್ಟ್ರೇ. ಒಂದೇ ಸಾಕು,” ಎಂದೆ.

“ಗುದ್ದು ಆಮೇಲೆ ನೇತ್ರಕ್ಕ. ಮೊದ್ಲು ಪರಂಪರೆ,” ಎಂದು ಅವರು ಗೋಡೆ ತೋರಿಸಿದರು.

ಗೋಡೆಯ ಮೇಲೆ ಮೂರು ಫೋಟೋ. ಮೇಲೆ ಹುಲಿಯೂರುದುರ್ಗದ ರುದ್ರಯ್ಯನವರು, ಸಂಗಮೇಶ್ ಮಾಸ್ಟ್ರ ಗುರುವಿನ ಗುರು. ಫೋಟೋಗೆ ಹಾರ, ಮುಂದೆ ಊದುಬತ್ತಿ. ಪಾಪ, ಯಾವಾಗ ತೀರಿಕೊಂಡರೋ ಎಂದು ನಾನು ಲೊಚಗುಟ್ಟಿದೆ. ಅವರ ಕೆಳಗೆ ಗುಬ್ಬಿಯ ಮನ್ಸೂರ್ ಅಲಿ, ಮಾಸ್ಟ್ರ ಗುರು. ಅದರ ಕೆಳಗೆ ಸ್ವತಃ ಸಂಗಮೇಶ್ ಮಾಸ್ಟ್ರು. ಸ್ಥಾನ ಕೆಳಗಾದರೂ ಫ್ರೇಮು ಮಾತ್ರ ಎಲ್ಲಕ್ಕಿಂತ ದೊಡ್ಡದು.

ಹೊಸಬರು ಮೊದಲು ಮೂವರಿಗೂ ಬಗ್ಗಬೇಕು. ಬಗ್ಗಿದ ಸೊಂಟ ಸರಿಯಾದ ಮೇಲೆ ನಿಲ್ಲುವುದು ಕಲಿಯಬೇಕು. ನಿಲ್ಲುವುದು ಬಂದ ಮೇಲೆ ಗಾಳಿಗೆ ಗುದ್ದು. ಅಂತೂ ಬಂತಲ್ಲ ಗುದ್ದು ಎಂದು ಹಿಗ್ಗಿದೆ. ಆದರೆ ಮೂರು ಗುದ್ದಾದ ಕೂಡಲೇ ಎದುರಾಳಿಯನ್ನು ಬಿಟ್ಟು, ಬಲಭುಜದ ಮೇಲಿಂದ ಹಿಂದಕ್ಕೆ ತಿರುಗಿ, ಕಣ್ಣು ಕಿರಿದು ಮಾಡಿ ದೂರ ನೋಡಬೇಕು. ಅದಕ್ಕೆ ‘ದಿಕ್ಕು ನೋಟ’ ಎಂದು ಹೆಸರು. ಇನ್ನು ಒದೆತ ಮೊಣಕಾಲಿಗಿಂತ ಮೇಲೆ ಹೋಗಕೂಡದು. ಅದು ‘ವಿನಯದ ಒದೆತ’. ವಿನಯದಿಂದ ಒದೆಸಿಕೊಂಡ ಕಳ್ಳ ಥ್ಯಾಂಕ್ಸ್ ಹೇಳಿ ಹೋಗುತ್ತಾನೇನೋ!

“ಗುದ್ದೋ ಹೊತ್ತಲ್ಲಿ ಹಿಂದಕ್ಯಾಕೆ ನೋಡ್ಬೇಕು ಮಾಸ್ಟ್ರೇ? ಅಷ್ಟರಲ್ಲಿ ಅವ್ನು ನನ್ ಮೂತಿ ಚಚ್ಚಲ್ವಾ?”

“ಯಾಕೆ ಅಂತ ಕೇಳೋದೇ ಅಹಂಕಾರ ನೇತ್ರಕ್ಕ. ಪರಂಪರೇಲಿ ಬಂದಿದೆ, ನೋಡಿ.”

ನೋಡಿದೆ. ನೋಡಿ ನೋಡಿ ಕತ್ತಿಗೆ ಅದೇ ಚಟವಾಯಿತು. ರೊಟ್ಟಿ ತಟ್ಟುವಾಗ ಮೂರು ತಟ್ಟಿಗೊಮ್ಮೆ ಹಿಂದೆ ತಿರುಗಿದರೆ ನಮ್ಮ ಯಜಮಾನರು “ಯಾರೇ ಬಂದ್ರು?” ಎಂದು ಬಾಗಿಲಿಗೆ ಹೋಗಿ ಬರುತ್ತಿದ್ದರು. ರಸ್ತೆಯಲ್ಲೂ ಮೂರು ಹೆಜ್ಜೆಗೊಮ್ಮೆ ಕತ್ತು ತಾನಾಗಿ ತಿರುಗುತ್ತಿತ್ತು. ಗುದ್ದು ಮಾತ್ರ ಇನ್ನೂ ಗಾಳಿಯಲ್ಲೇ ಇತ್ತು, ಹೆದರಿಕೆ ಎದೆಯಲ್ಲೇ ಇತ್ತು.

ಗುರುಪೂಜೆಗೆಂದು ಒಂದು ಭಾನುವಾರ ಟಿಟಿ ವ್ಯಾನು ಬಾಡಿಗೆಗೆ ಮಾಡಿಕೊಂಡು, ಕುಣಿಗಲ್‌ನಲ್ಲಿ ಇಡ್ಲಿ ತಿಂದು, ಹುಲಿಯೂರುದುರ್ಗಕ್ಕೆ ಹೋದೆವು. ಅಲ್ಲಿ ನೋಡಿದರೆ ಹಾರದ ರುದ್ರಯ್ಯನವರು ಲುಂಗಿ ಉಟ್ಟು ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಾರೆ! ಗುಬ್ಬಿಯಿಂದ ಮನ್ಸೂರ್ ಅಲಿಯವರೂ ಬಂದು ಪಕ್ಕದಲ್ಲಿ ಕೂತಿದ್ದರು. ಸಂಗಮೇಶ್ ಮಾಸ್ಟ್ರು ಇಬ್ಬರ ಕಾಲನ್ನೂ ಹಾಲಿನಲ್ಲಿ ತೊಳೆದರು. ಆಮೇಲೆ ನಾವೆಲ್ಲ ಅಂಗಳದಲ್ಲಿ ಸಾಲಾಗಿ ನಿಂತು ಮೂರು ಗುದ್ದು ಗುದ್ದಿ, ಬಲಭುಜದ ಮೇಲಿಂದ ಹಿಂದಕ್ಕೆ ನೋಡಿದೆವು. ರುದ್ರಯ್ಯನವರೂ ಕತ್ತು ಚಾಚಿ ಅತ್ತಲೇ ನೋಡಿದರು. ಅಲ್ಲಿ ಪಕ್ಕದ ಮನೆಯ ಗೋಡೆ ಬಿಟ್ಟರೆ ಬೇರೇನೂ ಇರಲಿಲ್ಲ.

“ಏನ್ಲಾ ಸಂಗಮೇಶ, ಎಲ್ರೂ ಅಲ್ಲೇನ್ ನೋಡ್ತವ್ರೆ?”

“ತಮ್ಮದೇ ದಿಕ್ಕು ನೋಟ ಗುರುಗಳೇ.”

“ನಂದಾ?” ಮುದುಕಪ್ಪ ಇನ್ನೊಮ್ಮೆ ಆ ಗೋಡೆ ಕಡೆ ನೋಡಿದರು. ಆಮೇಲೆ ಅವರೆಕಾಯಿ ಮೊರ ಮಗುಚುವ ಹಾಗೆ ನಕ್ಕರು. “ಅಯ್ಯೋ ಮನೆಹಾಳ್ರಾ! ಅದು ಕುಣಿಗಲ್ ಬಸ್ಸು ಕಣ್ರೋ! ಆಗ ನನ್ ಮನೆ ಕುಣಿಗಲ್ಲಲ್ಲಿತ್ತು. ಇಲ್ಲಿ ಬಸ್‌ಸ್ಟ್ಯಾಂಡ್ ಪಕ್ಕ ಹೇಳ್ಕೊಡ್ತಿದ್ದೆ. ಕೊನೇ ಬಸ್ಸು ತಪ್ಪಿದ್ರೆ ಇಲ್ಲೇ ಮಲಗ್ಬೇಕಿತ್ತು. ಅದ್ಕೇ ಬಂತಾ ಅಂತ ಮಧ್ಯ ಮಧ್ಯ ತಿರುಗಿ ನೋಡ್ತಿದ್ದೆ. ನೀವೂ ನೋಡಿ ಅಂತ ಯಾವನ್ ಹೇಳ್ದ?”

ಮನ್ಸೂರ್ ಅಲಿಯವರು ಗಡ್ಡ ಸವರಿಕೊಂಡು ನಗಲಿಕ್ಕೆ ಶುರು ಮಾಡಿದರು. “ಹಂಗಾದ್ರೆ ನಂದೂ ಕೇಳ್ಬುಡಿ. ನಾನು ಹೇಳ್ಕೊಡ್ತಿದ್ದದ್ದು ಕೊಬ್ಬರಿ ಗೋಡೌನಲ್ಲಿ. ಸುತ್ತ ಮೂಟೆ ಜೋಡ್ಸಿರೋರು. ಕಾಲು ಮೇಲೆತ್ತಿದ್ರೆ ಮೂಟೆ ಮೈಮೇಲೆ ಬೀಳ್ತಿತ್ತು. ಕಾಲು ಕೆಳಗೇ ಇರ್ಲಿ ಕಣ್ರಪ್ಪಾ ಅಂತಿದ್ದೆ. ಅಷ್ಟೇ.”

ನನಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ಇಷ್ಟು ದಿನ ನಾನು ಕಾದದ್ದು ಯಾವ ಕಳ್ಳನನ್ನೂ ಅಲ್ಲ, ನಿಂತುಹೋದ ಯಾವುದೋ ಬಸ್ಸನ್ನು! ಮಾಸ್ಟ್ರ ಮುಖ ಹೇಗಾಗಿರಬಹುದು ಎಂದು ಆಸೆಯಿಂದ ನೋಡಿದೆ. ಅವರ ಕಣ್ಣಲ್ಲಿ ನೀರು. ದಬಕ್ಕನೆ ಅಡ್ಡಬಿದ್ದರು.

“ಕಂಡ್ರಾ? ಇಷ್ಟು ದೊಡ್ಡ ವಿದ್ಯೆ ಕಲಿಸಿ, ಏನೂ ಅಲ್ಲ ಅಂತಾರಲ್ಲ, ಇದು ದೊಡ್ಡತನ! ಗುಟ್ಟನ್ನ ಗುಟ್ಟಾಗಿ ಇಡೋದು ಹೆಂಗೆ ಅಂತ ನೋಡಿ ಕಲೀರಿ!”

“ಗುಟ್ಟಲ್ಲ ಕಣೋ, ಬಸ್ಸು! ಕೆಂಪು ಬಸ್ಸು!” ಎಂದು ರುದ್ರಯ್ಯನವರು ಅರಚಿದರು.

“ಕೆಂಪು,” ಎಂದು ಕ್ಲಾಸಿನವರೆಲ್ಲ ಭಕ್ತಿಯಿಂದ ತಲೆಯಾಡಿಸಿದರು. ಮರುವಾರ ದಿಕ್ಕು ನೋಟಕ್ಕೆ ಕೆಂಪು ಪಟ್ಟಿ ಕಟ್ಟಿಕೊಳ್ಳಬೇಕೆಂಬ ಹೊಸ ನಿಯಮ ಬಂತು. ಥೂ, ಇವರ ಸಹವಾಸ ಸಾಕು ಎಂದು ನಾನು ಕ್ಲಾಸು ಬಿಟ್ಟೆ. ಕತ್ತಿನ ಚಟ ಮಾತ್ರ ನನ್ನನ್ನು ಬಿಡಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಅದೇ ರಸ್ತೆ, ಅದೇ ಸಂಜೆ ಹೊತ್ತು. ಕೊರಳಲ್ಲಿ ತಾಳಿಸರ, ಕೈಯಲ್ಲಿ ಸೊಪ್ಪಿನ ಚೀಲ. ಮೂರು ಹೆಜ್ಜೆಗೆ ಕತ್ತು ತಾನೇ ತಿರುಗಿತು. ನೋಡುತ್ತೇನೆ, ಲೈಟು ಆರಿಸಿದ ಬೈಕು ಬೆನ್ನ ಹಿಂದೆಯೇ ಇದೆ, ಹಿಂದೆ ಕೂತವನ ಕೈ ನನ್ನ ಕೊರಳ ಹತ್ತಿರವೇ ಇದೆ. ಗುದ್ದಿದೆನೆ? ಒದ್ದೆನೆ? ಎಲ್ಲಿಯ ಗುದ್ದು! ಕಾಲು ಸತ್ತುಹೋಗಿ “ಅಯ್ಯೋ ನಮ್ಮಪ್ಪ!” ಎಂದು ರಸ್ತೆ ಮೇಲೆ ಧಡಕ್ಕನೆ ಕುಕ್ಕರಿಸಿಬಿಟ್ಟೆ. ಅವನ ಕೈಗೆ ಗಾಳಿ ಸಿಕ್ಕಿತು. ಬೈಕು ಓಲಾಡಿ ಜಲ್ಲಿ ರಾಶಿಗೆ ನುಗ್ಗಿತು. ಜನ ಓಡಿ ಬರುವಷ್ಟರಲ್ಲಿ ಇಬ್ಬರೂ ಬೈಕು ಬಿಟ್ಟು ಪರಾರಿ. ನಾನು ಅಲ್ಲೇ ಸೊಪ್ಪಿನ ನಡುವೆ ಕೂತು ತಾಳಿಸರ ತಡವಿಕೊಳ್ಳುತ್ತಿದ್ದೆ.

ಸುದ್ದಿ ಮಾಸ್ಟ್ರ ಕಿವಿಗೂ ಬಿದ್ದು, ಮಾರನೇ ದಿನವೇ ಕ್ಲಾಸಿನ ಗೋಡೆಗೆ ನಾಲ್ಕನೇ ಫೋಟೋ ಬಿತ್ತು. ನನ್ನದು. ಹಾರ ಸಮೇತ. ನಮ್ಮ ಯಜಮಾನರು ನೋಡಿ ಬೆಚ್ಚಿಬಿದ್ದರು. ನಾನು ಮೆಟ್ಟಿಲು ಹತ್ತಿ ಜಗಳಕ್ಕೆಂದೇ ಹೋದೆ. ಮೇಲೆ ಹೊಸ ಬ್ಯಾಚು ಕೈಯಲ್ಲಿ ಸೊಪ್ಪಿನ ಚೀಲ ಹಿಡಿದು, ಬಲಭುಜದ ಮೇಲಿಂದ ನೋಡಿ, “ಅಯ್ಯೋ ನಮ್ಮಪ್ಪ!” ಎಂದು ಒಕ್ಕೊರಲಿನಲ್ಲಿ ಕೂಗಿ ನೆಲಕ್ಕೆ ಧಡಕ್ಕನೆ ಕೂರುತ್ತಿತ್ತು. ಅದರ ಹೆಸರು ‘ನೇತ್ರಾವತಿ ಪಟ್ಟು’ ಅಂತೆ. ನನ್ನ ಸೊಂಟ ಇನ್ನೂ ನೋಯುತ್ತಿತ್ತು.

ಹೊಸಬರಲ್ಲಿ ಅಂಬ್ರೀನ್ ಎನ್ನುವ ಹುಡುಗಿ, ಇಲ್ಲೇ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವವಳು, ಹತ್ತಿರ ಬಂದಳು. “ಆಂಟಿ, ನಾನೂ ಆ ರೋಡಲ್ಲೇ ಮನೆಗೆ ಹೋಗ್ಬೇಕು. ತುಂಬಾ ಹೆದ್ರಿಕೆ ಆಗುತ್ತೆ. ನಿಮ್ಮ ಗುಟ್ಟೇನು ಹೇಳಿ.”

ಅವಳ ಮುಖ ನೋಡಿ ಕರುಳು ಚುರುಕ್ ಎಂದಿತು. ಇವಳಿಗಾದರೂ ನಿಜ ಹೇಳಬೇಕು ಎಂದುಕೊಂಡೆ. “ಗುಟ್ಟೂ ಇಲ್ಲ, ಮಣ್ಣೂ ಇಲ್ಲ ಕಣಮ್ಮ. ಆ ನೋಟ ಕುಣಿಗಲ್ ಬಸ್ಸಿಂದು. ನಾನು ಕೂತಿದ್ದು ಹೆದರ್ಕೊಂಡು. ಈಗ್ಲೂ ಆ ರೋಡು ಅಂದ್ರೆ ನಂಗೆ ಜೀವ ಬಾಯಿಗೆ ಬರುತ್ತೆ. ನನ್ ಮಾತು ಕೇಳು, ಒಬ್ಬಳೇ ಹೋಗ್ಬೇಡ.”

ಅಂಬ್ರೀನಳ ಕಣ್ಣು ತುಂಬಿತು. ಹಿಂದಿನವರ ಕಡೆ ತಿರುಗಿ, “ನೋಡ್ರೇ, ಎಷ್ಟು ವಿನಯ!” ಎಂದಳು. ಎಲ್ಲರೂ ನನಗೆ ಬಗ್ಗಿದರು. ಸಂಗಮೇಶ್ ಮಾಸ್ಟ್ರು ಕಣ್ಣೊರೆಸಿಕೊಂಡರು. ಬಸ್ಸು, ಬಸ್ಸು ಎಂದು ಅರಚಿದ ಮುದುಕಪ್ಪನ ಸಂಕಟ ನನಗೆ ಆಗ ಅರ್ಥವಾಯಿತು.

ತಲೆ ಚಚ್ಚಿಕೊಂಡು ಕೆಳಗಿಳಿದು ಮನೆ ಕಡೆ ನಡೆದೆ. ಸರ್ವಿಸ್ ರಸ್ತೆಯಲ್ಲಿ ಕತ್ತಲಾಗುತ್ತಿತ್ತು. ಗೋಡೆ ಪಕ್ಕಕ್ಕೆ ಸರಿದುಕೊಂಡೆ. ಮೂರು ಹೆಜ್ಜೆಗೆ ಕತ್ತು ತಿರುಗಿತು. ಹಿಂದೆ ಅಂಬ್ರೀನ್ ಬರುತ್ತಿದ್ದಳು, ಅವಳ ಜೊತೆ ಹೊಸ ಬ್ಯಾಚಿನ ಹೆಂಗಸರೆಲ್ಲ, ಕೈಕೈಯಲ್ಲೂ ಸೊಪ್ಪಿನ ಚೀಲ. ಗುರು ಮಾಡಿದ್ದನ್ನೇ ಮಾಡಬೇಕಲ್ಲ, ಅವರೂ ಒಟ್ಟಿಗೇ ಬಲಭುಜದ ಮೇಲಿಂದ ಹಿಂದಕ್ಕೆ ನೋಡಿದರು. ಅಷ್ಟರಲ್ಲಿ ಒಂದು ಬೈಕು ಬಂತು. ಇಡೀ ಸೈನ್ಯ ತನ್ನನ್ನೇ ದುರುಗುಟ್ಟಿ ನೋಡುವುದನ್ನು ಕಂಡು ಅದರ ಸವಾರ ಲೈಟು ಹಾಕಿ, ರಸ್ತೆಯ ಆ ತುದಿಗೆ ಸರಿದು, ಮೆಲ್ಲಗೆ ಹೋದ.

ಸರ ಹೋದಂದಿನಿಂದ ಮೊದಲ ಸಲ ಆ ರಸ್ತೆಯಲ್ಲಿ ನನ್ನ ಕಾಲು ನಿಲ್ಲಲಿಲ್ಲ. ಮನೆ ತನಕ ಆರಾಮಾಗಿ ನಡೆದೆ. ಇದನ್ನು ಯಾರಿಗೂ ಹೇಳಿಲ್ಲ. ಹೇಳಿದರೆ ಇದಕ್ಕೂ ಒಂದು ಹೆಸರಿಟ್ಟು, ಹಾರ ಹಾಕಿ ಗೋಡೆಗೆ ತೂಗಿಬಿಡುತ್ತಾರೆ.